ಗಡಿಹಾಳದ ಸರದಿ

ಫೋನು ಮತ್ತೆ ಬಡಿದುಕೊಳ್ಳತೊಡಗಿದಾಗ ಅಮರಗುಂಡಪ್ಪನ ಬಲಗೈ ಊಟದ ತಾಟಿನಲ್ಲಿತ್ತು. ಎಡಗೈಯಿಂದ ಅಂಗಿಯ ಜೇಬನ್ನು ಮೇಲಿನಿಂದಲೇ ಒತ್ತಿ ಹಿಡಿದು, ಅದು ತಾನಾಗಿ ಸುಮ್ಮನಾಗುವವರೆಗೂ ಸಜ್ಜೆ ರೊಟ್ಟಿ ಅಗಿಯುತ್ತಾ ಕೂತ. ಸುತ್ತ ಕೂತಿದ್ದ ಬೀಗರು, ಓಣಿಯವರು ನಕ್ಕರು. ಆ ಫೋನು ಬೆಳಿಗ್ಗೆಯೂ ಹೀಗೆಯೇ ಅವನ ಜೀವ ತಿಂದಿದ್ದು ಎಲ್ಲರಿಗೂ ಗೊತ್ತಿತ್ತು.

ಹೊಲದ ಬನ್ನಿಗಿಡದ ಬುಡದಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಶೇಖರಮ್ಮ ತಲೆಯೆತ್ತಿ ಕೇಳಿದಳು. "ಯಾರದ್ರೀ?"

"ಇನ್ಯಾರದು, ಗಡಿಹಾಳದಾಕೀದು. ಗಾಡಿ ಗಾಡಿ ಅಂತ ತಲಿ ತಿನ್ನಾಕತ್ಯಾಳ. ಕಳಸ್ತೀವಂತ ಮುಂಜಾನೇನ ಹೇಳೀನಿ. ಮತ್ತೇನ ಹೇಳೂದೈತಿ?"

ಫೋನು ಅಸಲಿಗೆ ಶೇಖರಮ್ಮನದು. ಎರೆದಿನ್ನಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ಅವಳು. ಪಂಚಾಯ್ತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ ನಂಬರೂ ಅವಳದೇ. ಆದರೆ ಆರಿಸಿ ಬಂದ ದಿನದಿಂದ ಅದು ಗಂಡನ ಜೇಬಿನಲ್ಲೇ ಸಂಸಾರ ಹೂಡಿತ್ತು. ಊರಿನಲ್ಲಿ ಅಧ್ಯಕ್ಷರು ಎಂದರೆ ಅಮರಗುಂಡಪ್ಪ, ಅಧ್ಯಕ್ಷರ ಸಹಿ ಎಂದರೆ ಶೇಖರಮ್ಮ. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಶೇಖರಮ್ಮನೂ ತಿಳಿದಿರಲಿಲ್ಲ. ಲಿಂಗಸುಗೂರಿನಿಂದ, ಮಸ್ಕಿಯಿಂದ ಬರುವ ಅಧಿಕಾರಿಗಳ ಜೊತೆ ಮಾತಾಡುವ ತಾಪತ್ರಯ ತಪ್ಪಿತೆಂದು ಒಳಗೊಳಗೆ ಹಗುರಾಗಿಯೇ ಇದ್ದಳು.

ಅವಳು ತಾನಾಗಿ ಹಟ ಹಿಡಿದು ಮಾಡಿದ ಕೆಲಸವೆಂದರೆ ಆ ಕೆಂಪು ಗಾಡಿ ಒಂದೇ. ಹಿಂದೊಂದು ಬೇಸಿಗೆಯಲ್ಲಿ ಎರೆದಿನ್ನಿಯ ಕೆಳಗಿನ ಓಣಿಗೆ ಬೆಂಕಿ ಬಿದ್ದಾಗ ಸಿಂಧನೂರಿಗೂ ಸುದ್ದಿ ಹೋಗಿತ್ತು, ಲಿಂಗಸುಗೂರಿಗೂ ಹೋಗಿತ್ತು. ಎರಡೂ ಕಡೆಯಿಂದ ಬೆಂಕಿ ಆರಿಸುವ ಗಾಡಿಗಳು ಧೂಳೆಬ್ಬಿಸಿಕೊಂಡು ಬಂದವು. ಅವರು ತಡಮಾಡಿರಲಿಲ್ಲ, ದಾರಿಯೇ ಅಷ್ಟಿತ್ತು. ಎರೆದಿನ್ನಿ ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಆಮೇಲೆ ಮಸ್ಕಿ ತಾಲೂಕಿಗೆ ಸೇರಿತು; ಬೋರ್ಡು ಬದಲಾಯಿತೇ ಹೊರತು ದಾರಿ ಒಂದು ಗೇಣೂ ಕಡಿಮೆಯಾಗಲಿಲ್ಲ. ಸುಟ್ಟು ಕರಿಯಾದ ಜೋಳದ ಚೀಲಗಳ ಮುಂದೆ ಕೆಳಗಿನ ಓಣಿಯ ಹೆಣ್ಣುಮಕ್ಕಳು ಕೂತಿದ್ದನ್ನು ನೋಡಿದ ಶೇಖರಮ್ಮ ಗಂಡನನ್ನೂ ಕೇಳದೆ ಕಾಲುವೆ ದಾಟಿ ಗಡಿಹಾಳಕ್ಕೆ ನಡೆದಳು.

ಗಡಿಹಾಳ ಕಾಲುವೆಯ ಆ ಬದಿಗೆ, ಸಿಂಧನೂರು ತಾಲೂಕಿನ ಊರು. ಎರೆದಿನ್ನಿಯದು ಮಳೆ ನಂಬಿದ ಜೋಳದ ಹೊಲ, ಗಡಿಹಾಳದ್ದು ನೀರುಂಡ ನೆಲ್ಲಿನ ಗದ್ದೆ. ನಡುವಿನ ದಾರಿ ಒಂದು ಬೀಡಿ ಸೇದುವಷ್ಟರದು, ಆದರೂ ತಾಲೂಕು ಬೇರೆ. ಅಲ್ಲಿನ ಅಧ್ಯಕ್ಷೆ ಜಯಶ್ರೀ ಗಂಡ ಸತ್ತ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಬದುಕು ನಡೆಸಿದವಳು. ಅವಳ ಫೋನು ಅವಳ ಕೈಯಲ್ಲೇ ಇರುತ್ತಿತ್ತು, ಇಡಲಿಕ್ಕೆ ಬೇರೆ ಜೇಬು ಇರಲಿಲ್ಲವಲ್ಲ. ಇಬ್ಬರೂ ಹೆಂಗಸರು ಎರಡು ತಾಲೂಕಿನ ಕಚೇರಿಗಳಿಗೆ ಚಪ್ಪಲಿ ಸವೆಸಿದರು. ಎರಡು ತಾಲೂಕಿನ ಪಂಚಾಯ್ತಿಗಳು ಕೂಡಿ ಒಂದು ಗಾಡಿ ಇಟ್ಟುಕೊಳ್ಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಬೇಡವೆನ್ನುವುದೂ ಅವರಿಗೆ ಕಷ್ಟವಾಯಿತು. ಕೊನೆಗೆ ನೀರಿನ ಟ್ಯಾಂಕು, ಪಂಪು, ಉದ್ದನೆಯ ಪೈಪಿದ್ದ ಸಣ್ಣದೊಂದು ಕೆಂಪು ಗಾಡಿ ಬಂತು. ದೊಡ್ಡ ಗಾಡಿ ಸಿಂಧನೂರಿನಿಂದಲೋ ಲಿಂಗಸುಗೂರಿನಿಂದಲೋ ಬರುವವರೆಗೆ ಬೆಂಕಿಯನ್ನು ತಡೆದು ಹಿಡಿಯಲು ಅದು ಸಾಕಿತ್ತು. ಓಡಿಸಲು ಎರೆದಿನ್ನಿಯ ಉಸ್ಮಾನ್‌ಸಾಬನನ್ನು ಇಟ್ಟರು. ಲಾರಿ ಓಡಿಸಿ ನಡು ನೋಯಿಸಿಕೊಂಡು ಊರಿಗೆ ಮರಳಿದ್ದ ಹಿರಿಯ ಅವನು.

ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಗಾಡಿ ಒಂದೂರಲ್ಲಿ, ಆಮೇಲೆ ಮತ್ತೊಂದೂರಲ್ಲಿ, ಇದು ಕರಾರು. ತಾರೀಕಾದರೆ ಮರೆತು ಹೋಗುತ್ತದೆ. ಅಮಾವಾಸ್ಯೆ ದಿನ ಎತ್ತುಗಳಿಗೂ ನೊಗದಿಂದ ಬಿಡುವು, ಅದನ್ನು ಮರೆಯುವವರಿಲ್ಲ ಎಂದು ಹಿರಿಯರು ಹೇಳಿದ್ದರು. ದೀಪಾವಳಿ ಅಮಾವಾಸ್ಯೆಗೆ ಗಾಡಿ ಮೊದಲು ಗಡಿಹಾಳಕ್ಕೆ ಹೋಯಿತು. ಮುಂದಿನ ಅಮಾವಾಸ್ಯೆಗೆ ಜಯಶ್ರೀ ಅದನ್ನು ತೊಳೆಸಿ, ಟ್ಯಾಂಕು ತುಂಬಿಸಿ, ತೆಂಗಿನಕಾಯಿ ಕಟ್ಟಿ ಹೊತ್ತೇರುವ ಮುಂಚೆಯೇ ಎರೆದಿನ್ನಿಗೆ ಕಳಿಸಿದಳು. ಈಗ ಎಳ್ಳಮಾವಾಸ್ಯೆ. ಗಡಿಹಾಳದ ಸರದಿ.

ಬೆಳಿಗ್ಗೆ ಉಸ್ಮಾನ್‌ಸಾಬ್ ಗಾಡಿ ಹೊರಗೆ ತೆಗೆದು ಇಂಜಿನ್ ಚಾಲೂ ಮಾಡಿದ್ದ. ಅಮರಗುಂಡಪ್ಪ ಅಂಗಳಕ್ಕೆ ಬಂದು ಕೈ ಅಡ್ಡ ಮಾಡಿದ. ಹಬ್ಬದ ಅಮಾವಾಸ್ಯೆ ದಿನ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು, ಈ ದಿನ ಮಜ್ಜಿಗೆ ಕೇಳಿ ಬಂದವರನ್ನೂ ಬರಿಗೈಲಿ ಕಳಿಸುತ್ತೇವೆ, ಗಾಡಿ ಕೊಡುವುದುಂಟೇ ಎಂದ. ಅದರ ಹಿಂದೆ ಇನ್ನೊಂದು ಮಾತಿತ್ತು, ಅದನ್ನೂ ನಾಚಿಕೆಯಿಲ್ಲದೆ ಹೇಳಿದ: ಹೊಲಕ್ಕೆ ಬೀಗರು ಬರುತ್ತಾರೆ, ಅಲ್ಲಿ ಹನಿ ನೀರಿಲ್ಲ, ಟ್ಯಾಂಕು ಅಲ್ಲೇ ನಿಂತರೆ ಕುಡಿಯಲಿಕ್ಕೆ, ಕೈ ತೊಳೆಯಲಿಕ್ಕೆ ಆಗುತ್ತದೆ. ಉಸ್ಮಾನ್‌ಸಾಬ್ ಶೇಖರಮ್ಮನ ಮುಖ ನೋಡಿದ. ಅವಳು ಕಡುಬಿನ ಬುಟ್ಟಿಗೆ ಬಟ್ಟೆ ಕಟ್ಟುತ್ತಿದ್ದಳು. ಒಂದು ದಿನ ತಾನೆ ಎಂದುಕೊಂಡಳು.

ಹೀಗೆ ಕೆಂಪು ಗಾಡಿ ಜೋಳದ ಹೊಲದ ಬದುವಿನಲ್ಲಿ ನಿಂತು ಬೀಗರ ಕೈ ತೊಳೆಸುತ್ತಿತ್ತು. ಬನ್ನಿಯ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲಿಗೆ ಪೂಜೆಯಾಗಿತ್ತು. ಗಂಡಸರು ಹೊಲದ ಸುತ್ತ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ಬಂದು, ಈಗ ತಾವು ಉಣ್ಣುತ್ತಿದ್ದರು. ಎರಡೂ ಊರಿನ ಮಂದಿ ಆ ಹೊತ್ತಿಗೆ ಹೊಲಗಳಲ್ಲೇ ಇದ್ದರು. ಊರಲ್ಲಿ ಉಳಿದವರೆಂದರೆ ಏಳಲಾಗದ ಮುದುಕರು ಮತ್ತು ಹೊರಗೆ ಬರಬಾರದ ಬಾಣಂತಿಯರು.

ಹೊಗೆಯನ್ನು ಮೊದಲು ಕಂಡವಳು ಶೇಖರಮ್ಮ. ಗಡಿಹಾಳದ ದಿಕ್ಕಿನಲ್ಲಿ ಎದ್ದಿತ್ತು. ನೆಲ್ಲು ಕೊಯ್ದ ಮೇಲೆ ಗದ್ದೆಯವರು ಕೂಳೆಗೆ ಬೆಂಕಿ ಇಡುತ್ತಾರೆ. ಆ ದಿನಗಳಲ್ಲಿ ಕಾಲುವೆಯಾಚೆ ಹೊಗೆ ಕಾಣುವುದು ಮೋಡ ಕಂಡಷ್ಟೇ ಸಹಜ. ಜೋಳದವರಿಗೆ ಅದೊಂದು ತಮಾಷೆಯ ಮಾತೂ ಆಗಿತ್ತು, ಗಡಿಹಾಳದವರು ದನಕ್ಕೆ ಹಾಕುವುದನ್ನು ಗಾಳಿಗೆ ಹಾಕುತ್ತಾರೆ ಎಂದು. ಆದರೆ ಕೂಳೆಯ ಹೊಗೆ ಬೆಳ್ಳಗೆ ಮಲಗಿಕೊಂಡು ಹರಿಯುತ್ತದೆ, ಇದು ಕರ್ರಗೆ ಎದ್ದು ನಿಂತಿತ್ತು.

"ಆ ಹೊಗಿ ನೋಡ್ರೀ, ಯಾಕೋ ಭಾಳ ಕರ್ರಗೈತಿ" ಎಂದಳು.

ಹಸಿ ಹುಲ್ಲು ಸುಟ್ಟರೆ ಹಾಗೇ ಎಂದು ಬೀಗರಲ್ಲೊಬ್ಬರು ಹೇಳಿದರು. ಅಮರಗುಂಡಪ್ಪ ತಿರುಗಿಯೂ ನೋಡಲಿಲ್ಲ. ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು, ಮತ್ತೆ ಅವನ ಅಂಗೈ ಅದರ ಮೇಲೆ ಬಂತು. ಶೇಖರಮ್ಮನಿಗೆ ಎದ್ದು ಹೋಗಿ ಆ ಫೋನು ಕಿತ್ತುಕೊಳ್ಳಬೇಕೆನ್ನಿಸಿತು. ಬೀಗರ ಮುಂದೆ ಗಂಡನ ಜೇಬಿಗೆ ಕೈ ಹಾಕುವುದೇ ಎಂದು ಹೋಳಿಗೆಯ ಡಬ್ಬಿ ತೆಗೆದಳು. ಹೋಳಿಗೆ ಮೇಲೆ ತುಪ್ಪ ಬಡಿಸುತ್ತಾ ಅವಳು ಎರಡು ಸಾಲು ಮುಗಿಸಿದ್ದಳು, ಅಷ್ಟರಲ್ಲಿ ಕಾಲುವೆ ದಂಡೆಯ ಮೇಲಿಂದ ಮೋಟಾರ್ ಸೈಕಲ್ ಒಂದು ಹೊಲದೊಳಗೇ ನುಗ್ಗಿ ಬಂತು.

ಬಂದವನು ಗಡಿಹಾಳದವನು. ಜೋಳವನ್ನು ತುಳಿದುಕೊಂಡು ಬಂದವನಿಗೆ ಯಾರೂ ಬೈಯಲಿಲ್ಲ, ಅವನ ಮುಖ ಹಾಗಿತ್ತು. ಕೂಳೆಯ ಬೆಂಕಿ ಗಾಳಿಗೆ ಹಾರಿ ಮುದುಕಮ್ಮ ಎಂಬಾಕೆಯ ಮನೆ ಪಕ್ಕದ ಹುಲ್ಲಿನ ಬಣವೆಗೆ ಬಿದ್ದಿತ್ತು. ಬಣವೆಯಿಂದ ಮನೆ ಮುಂದಿನ ಚಪ್ಪರಕ್ಕೆ ಬಂದಿತ್ತು. ಒಳಕೋಣೆಯಲ್ಲಿ ಆ ಮನೆಯ ಸೊಸೆ ಅಶ್ವಿನಿ, ಹಸಿ ಬಾಣಂತಿ, ಕೂಸಿನ ಜೊತೆ ಸಿಕ್ಕಿಕೊಂಡಿದ್ದಳು. ಕಾಲುವೆಗೆ ನೀರು ನಿಲ್ಲಿಸಿದ ದಿನಗಳವು. ಊರಿಗೆಲ್ಲ ಒಂದು ಕೈಪಂಪು. ಸಿಂಧನೂರಿಗೆ ಹೇಳಿಯಾಗಿದೆ, ಅಲ್ಲಿಂದ ಹೊರಟಿದ್ದಾರೆ, ದಾರಿಯಲ್ಲಿದ್ದಾರೆ.

"ನಮ್ಮ ಅಧ್ಯಕ್ಷರು ಫೋನ್ ಮಾಡೇ ಮಾಡ್ಯಾರ್ರೀ ನಿಮಗ" ಎಂದ. "ಎತ್ತಲಿಲ್ಲ ನೀವು."

ಉಸ್ಮಾನ್‌ಸಾಬ್ ಆಗಲೇ ಗಾಡಿ ಹತ್ತಿದ್ದ. ಅಮರಗುಂಡಪ್ಪ ಎಂಜಲ ಕೈಯಲ್ಲೇ ಓಡಿ ಅವನ ಪಕ್ಕ ಕೂತ. ಶೇಖರಮ್ಮ ಹಿಂದಿನ ಪೈಪಿನ ಸುರುಳಿಯ ಮೇಲೆ ಹತ್ತಿಕೊಂಡಳು. ಅಶ್ವಿನಿ ಶೇಖರಮ್ಮನ ತವರೂರು ಸಂತೆಕಲ್ಲೂರಿನ ಹುಡುಗಿ. ತಾಯಿಯಿಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಗಿತ್ತು. ಹಿಂದಿನ ವಾರ ಶೇಖರಮ್ಮ ಕೊಬ್ಬರಿ, ಖಾರೀಕು, ಅಂಟು ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ನೀವೇ ಒಂದು ಹೆಸರು ಹೇಳ್ರಿ ಅತ್ತಿ ಎಂದು ಅಶ್ವಿನಿ ನಕ್ಕಿದ್ದಳು. ಗಾಡಿ ಓಲಾಡಿದಾಗಲೆಲ್ಲ ಟ್ಯಾಂಕಿನೊಳಗೆ ಉಳಿದ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುವುದು ಕೇಳುತ್ತಿತ್ತು. ತುಂಬಿದ ಟ್ಯಾಂಕು ಹಾಗೆ ಸದ್ದು ಮಾಡುವುದಿಲ್ಲ.

ಮನೆಯ ಮುಂಭಾಗ ಇರಲೇ ಇಲ್ಲ, ಬೆಂಕಿ ಇತ್ತು. ಕೊಡ ಹಿಡಿದು ಓಡಾಡುತ್ತಿದ್ದವರು ಗಾಡಿ ಕಂಡು ದಾರಿ ಬಿಟ್ಟರು. ಉಸ್ಮಾನ್‌ಸಾಬ್ ಪಂಪು ಹಚ್ಚಿ, ಬಣವೆಯ ಗೊಡವೆಗೆ ಹೋಗದೆ, ಬಾಗಿಲಿಗೆ ಒಂದು ದಾರಿಯಾಗುವಂತೆ ನೀರು ಬಿಟ್ಟ. ಅಮರಗುಂಡಪ್ಪ ಯಾರದೋ ಕೌದಿಯನ್ನು ನೀರಲ್ಲಿ ಅದ್ದಿ ತಲೆಯ ಮೇಲೆ ಹೊದ್ದು ಒಳಗೆ ನುಗ್ಗಿದ. ಅವನನ್ನು ಯಾರೂ ನುಗ್ಗು ಎಂದಿರಲಿಲ್ಲ. ಅದನ್ನೂ ಹೇಳಬೇಕು, ಏಕೆಂದರೆ ಮುಂದೆ ಅವನು ಮಾಡಿದ್ದನ್ನು ಹೇಳುವುದಿದೆ.

ಶೇಖರಮ್ಮ ಮನೆಯ ಹಿಂದಕ್ಕೆ ಓಡಿದಳು. ಒಳಕೋಣೆಗೆ ಹಿತ್ತಲ ಕಡೆ ಒಂದು ಕಿಟಕಿಯಿತ್ತು, ಅದೂ ಚಿಕ್ಕದು. ಬಾಣಂತಿಗೆ ಗಾಳಿ ತಾಗದಂತೆ ತುರುಕಿದ್ದ ಗೋಣಿಚೀಲ ನೆಲಕ್ಕೆ ಬಿದ್ದಿತ್ತು. ಒಂದು ಕಟ್ಟಿಗೆ ಸರಳು ಮುರಿದಿತ್ತು. ಅದರ ಕೆಳಗೆ ಜಯಶ್ರೀ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಕೂಸು. ಅವಳ ಎರಡೂ ತೋಳು ಮೊಣಕೈವರೆಗೆ ತರಚಿ ರಕ್ತವಾಗಿತ್ತು. ಮುರಿದ ಸರಳಿನ ಸಂದಿನಿಂದ ಕೂಸು ಬಂದಿತ್ತು. ತಾಯಿ ಬರುವಷ್ಟು ಜಾಗ ಅಲ್ಲಿರಲಿಲ್ಲ. ಜಯಶ್ರೀ ಶೇಖರಮ್ಮನನ್ನು ನೋಡಿದಳು. ಒಳಗಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ಅಮರಗುಂಡಪ್ಪ ಅಶ್ವಿನಿಯನ್ನು ಕೌದಿಯಲ್ಲಿ ಸುತ್ತಿ ಹೊತ್ತು ತಂದ. ಹೊಗೆ ಅವಳನ್ನು ಮೊದಲೇ ಮುಗಿಸಿತ್ತು. ಸಿಂಧನೂರಿನ ದೊಡ್ಡ ಗಾಡಿ ಬಂದು ಬಣವೆಯ ಬೆಂಕಿ ಆರಿಸಿ ಪಕ್ಕದ ಮನೆಗಳನ್ನು ಉಳಿಸಿತು. ಬಂದವರಲ್ಲಿ ಒಬ್ಬ, ವಯಸ್ಸಾದವನು, ಪೈಪು ಸುತ್ತುತ್ತಾ ಕೆಂಪು ಗಾಡಿಯ ಕಡೆ ನೋಡಿ, ಇದು ಊರಲ್ಲೇ ಇತ್ತಲ್ಲ ಎಂದ. ಅವನ ದನಿಯಲ್ಲಿ ಬೈಗುಳ ಇರಲಿಲ್ಲ, ಅರ್ಥವಾಗದ್ದನ್ನು ಕೇಳಿದ್ದ ಅಷ್ಟೆ. ಹೊಲದಿಂದ ಓಡಿ ಬಂದ ಮುದುಕಮ್ಮ ಸೊಸೆಯ ಕಾಲ ಬಳಿ ಕುಸಿದಳು. ಅವಳು ಅಳಲಿಲ್ಲ. ಬಾಗಿಲಿನ ಕಡೆ ನೋಡುತ್ತಾ ಕೂತಳು.

ಮರುದಿನದಿಂದ ಗಡಿಹಾಳದಲ್ಲಿ ಒಂದೇ ಮಾತು. ಸರದಿ ನಮ್ಮದಿದ್ದಾಗ ಗಾಡಿ ಯಾಕೆ ಅವರ ಹೊಲದಲ್ಲಿತ್ತು, ಯಾರು ಇಟ್ಟುಕೊಂಡಿದ್ದರು. ಪೊಲೀಸರು ಬಂದು ಮನೆ ನೋಡಿ ಹೋಗಿದ್ದರು. ಮೊದಲು ಎರಡೂ ಊರು ಕೂಡಿ ಮಾತಾಡಿ, ತಪ್ಪು ಯಾರದೆಂದು ತಿಳಿದು, ಆ ಹೆಸರನ್ನು ಠಾಣೆಗೆ ಕೊಡುವುದು ಎಂದು ಹಿರಿಯರು ತೀರ್ಮಾನಿಸಿದರು. ಅಶ್ವಿನಿಯ ದಿನದ ಕಾರ್ಯ ಮುಗಿಯಲಿ ಎಂದು ಕಾಯುತ್ತಿದ್ದರು.

ಅಮರಗುಂಡಪ್ಪನ ಬಲ ಅಂಗೈಗೆ ಬಟ್ಟೆ ಸುತ್ತಿದ್ದರು. ಎರಡು ದಿನ ಅವನು ಅನ್ನ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ಶೇಖರಮ್ಮನಿಗೆ ಅವನ ಮೇಲೆ ಕನಿಕರ ಬಂತು, ಅಂಬಲಿ ಕಾಸಿ ತಾನೇ ಕುಡಿಸಿದಳು. ಮೂರನೆಯ ದಿನ ಅವನು ಎದ್ದು ಕೂತಾಗ ಕನಿಕರ ಪಡುವಂಥದ್ದು ಅವನ ಮುಖದಲ್ಲಿ ಉಳಿದಿರಲಿಲ್ಲ. ಹೆದರಿಕೆ ಅವನಿಗೆ ಬುದ್ಧಿ ಕೊಟ್ಟಿತ್ತು.

"ಹೊಲದಾಗ ರೇಂಜ್ ಇರಲಿಲ್ಲ, ಫೋನ್ ಬಡೀಲೇ ಇಲ್ಲ" ಎಂದ. "ಇನ್ನ ಗಾಡಿ. ಮುಂಜಾನೇನ ಗಡಿಹಾಳಕ್ಕ ಬಿಟ್ಟು ಬಾ ಅಂತ ನಾ ಉಸ್ಮಾನಗ ಹೇಳಿದ್ದೆ. ಉಂಡು ಹೋದರಾತು ಅಂತ ಅವ ಹೊಲದಾಗ ನಿಂತ. ತಿಳೀತಿಲ್ಲ? ನಿನ್ನ ಕೇಳಿದರ ನೀನೂ ಹಿಂಗಽ ಹೇಳಬೇಕು."

ಶೇಖರಮ್ಮ ಗಂಡನನ್ನು ನೋಡುತ್ತಾ ನಿಂತಳು. ಉಸ್ಮಾನ್‌ಸಾಬನಿಗೇನೂ ಆಗುವುದಿಲ್ಲ, ನಾಲ್ಕು ದಿನ ಠಾಣೆಗೆ ತಿರುಗುತ್ತಾನೆ, ವಕೀಲನನ್ನು ತಾನೇ ಇಡುತ್ತೇನೆ, ಆಮೇಲೆ ಲಿಂಗಸುಗೂರಿನಲ್ಲಿ ಯಾರದಾದರೂ ಲಾರಿ ಮೇಲೆ ಕೆಲಸ ಹಚ್ಚಿಕೊಡುತ್ತೇನೆ ಎಂದು ಅವನು ವಿವರಿಸಿದ. ಮನೆ ಉಳಿಯಬೇಕೋ ಬೇಡವೋ ಎಂದೂ ಕೇಳಿದ. ಅವಳು ಉತ್ತರ ಕೊಡಲಿಲ್ಲ. ಉತ್ತರ ಕೊಡದ್ದನ್ನು ಒಪ್ಪಿಗೆಯೆಂದು ತಿಳಿಯುವುದು ಅವನಿಗೆ ಮೊದಲಿಂದಲೂ ರೂಢಿ.

ಈ ಮಾತು ಊರಲ್ಲಿ ಹರಿದು ಗಡಿಹಾಳಕ್ಕೂ ಮುಟ್ಟಿತು. ಅಲ್ಲಿ ಕೆಲವು ಬಿಸಿ ರಕ್ತದವರಿಗೆ ಹೆಸರು ಸಿಕ್ಕಿದ್ದೇ ಸಾಕಾಯಿತು. ಆ ಹೆಸರು ಉಸ್ಮಾನ್‌ಸಾಬ್ ಎಂದು ತಿಳಿದು ಇನ್ನಷ್ಟು ಅನುಕೂಲವೇ ಆಯಿತು. ಕಾಲುವೆ ದಾರಿಯಲ್ಲಿ ಅವನ ಹೆಂಡತಿ ಲಾಲ್‌ಬೀಯನ್ನು ತಡೆದು, ನಿನ್ನ ಗಂಡನ ಹೊಟ್ಟೆ ತುಂಬಿತೇನು ಎಂದು ಕೇಳಿದರಂತೆ. ಅವಳು ಸಂತೆಗೆ ಹೋಗುವುದನ್ನು ಬಿಟ್ಟಳು.

ಉಸ್ಮಾನ್‌ಸಾಬ್ ಗಾಡಿಯ ಕೀಲಿ ಕೊಡಲು ಬಂದ. ಅಮರಗುಂಡಪ್ಪ ಮನೆಯಲ್ಲಿರಲಿಲ್ಲ. ಕೂಡ್ರು ಎಂದರೂ ಅವನು ಅಂಗಳದಲ್ಲೇ ನಿಂತ. ಶೇಖರಮ್ಮ ಚಹಾ ತಂದಳು, ಅದನ್ನು ಕೈಯಲ್ಲಿ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ಅಮ್ಮಾರ, ಅವತ್ತ ಮುಂಜಾನೆ ನಾ ಗಾಡಿ ಹೊರಗ ತೆಗೆದಿದ್ದೆ" ಎಂದ. "ನೀವು ನೋಡೀರಿ."

"ನೋಡೀನಿ, ಉಸ್ಮಾನಣ್ಣ."

ಅವನು ತಲೆಯಾಡಿಸಿದ. ಮುಂದೇನೋ ಕೇಳುತ್ತಾನೆಂದು ಅವಳು ಕಾದಳು. ಕೇಳಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದ. ಅವಳಿಗೆ ಆ ದಿನವೆಲ್ಲ ಒಲೆಯ ಮುಂದೆ ಕೂರಲು ಆಗಲಿಲ್ಲ.

ಸಭೆ ಸೇರಿದ್ದು ಗಡಿಹಾಳದ ಬಸವಣ್ಣನ ಗುಡಿಯ ಅಂಗಳದಲ್ಲಿ, ಮಧ್ಯಾಹ್ನ. ಎರಡೂ ಪಂಚಾಯ್ತಿಯ ಸದಸ್ಯರು ಎದುರುಬದುರು ಕೂತರು. ಹೆಂಗಸರು ಗುಡಿಯ ಪೌಳಿಯ ಗೋಡೆಗೆ ಒರಗಿ ಕೂತರು, ಅವರ ನಡುವೆ ಮುದುಕಮ್ಮ. ಅಶ್ವಿನಿಯ ಗಂಡ ಶಿವಕಾಂತ ಸಿಂಧನೂರಿನ ರೈಸ್‌ಮಿಲ್ಲೊಂದರಲ್ಲಿ ದುಡಿಯುವವನು. ತಲೆ ಬೋಳಿಸಿಕೊಂಡಿದ್ದ, ನೆಲ ಬಿಟ್ಟು ಮೇಲೆ ನೋಡುತ್ತಿರಲಿಲ್ಲ. ಕೂಸು ಜಯಶ್ರೀಯ ಹೆಗಲ ಮೇಲಿತ್ತು. ಉಸ್ಮಾನ್‌ಸಾಬ್ ಒಬ್ಬನೇ ಎಲ್ಲರಿಂದ ದೂರ, ಬಿಸಿಲಲ್ಲಿ ನಿಂತಿದ್ದ. ನೆರಳಿಗೆ ಬಾ ಎಂದು ಯಾರೂ ಕರೆಯಲಿಲ್ಲ.

ಅಮರಗುಂಡಪ್ಪ ಎದ್ದು ಮಾತಾಡಿದ. ಮಾತು ಬಲ್ಲವನು ಅವನು. ಅಶ್ವಿನಿಯನ್ನು ನೆನೆದು ಅವನು ಕಣ್ಣೊರೆಸಿಕೊಂಡದ್ದು ನಾಟಕವಾಗಿರಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಚ್ಚಿಕೊಂಡು, ಹೊಲದಲ್ಲಿ ರೇಂಜ್ ಇರಲಿಲ್ಲವೆಂದ. ಗಾಡಿ ಬಿಟ್ಟು ಬಾ ಎಂದು ಹೊತ್ತು ಮೂಡುವ ಮುಂಚೆಯೇ ಹೇಳಿದ್ದೆನೆಂದ. ಕೆಲಸದವರ ಮೇಲೆ ಭರವಸೆ ಇಟ್ಟಿದ್ದೇ ತನ್ನ ತಪ್ಪೆಂದ. ಸಭೆಯಲ್ಲಿ ಗುಜುಗುಜು ಎದ್ದಿತು, ಕುತ್ತಿಗೆಗಳೆಲ್ಲ ಬಿಸಿಲಲ್ಲಿ ನಿಂತವನ ಕಡೆ ತಿರುಗಿದವು. ಉಸ್ಮಾನ್‌ಸಾಬ್ ಬಾಯಿ ತೆರೆದ. ಅವನ ಮಾತು ಹೊರಡುವ ಮುಂಚೆಯೇ ನಾಲ್ಕು ಮಂದಿ ಎದ್ದು ನಿಂತರು.

ಜಯಶ್ರೀ ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು. ಅಮರಗುಂಡಪ್ಪನನ್ನು ಅವಳು ನೋಡಲೇ ಇಲ್ಲ.

"ಅಕ್ಕಾರ, ಅಧ್ಯಕ್ಷರು ನೀವು. ನೀವು ಹೇಳ್ರಿ. ಫೋನ್ ಬಡಿದಿತ್ತೋ ಇಲ್ಲೋ?"

ಶೇಖರಮ್ಮ ಎದ್ದಳು. ಆರಿಸಿ ಬಂದ ಮೇಲೆ ಸಭೆಯಲ್ಲಿ ಅವಳು ಎದ್ದು ನಿಂತದ್ದು ಇದೇ ಮೊದಲು. ಗಂಡ ಅವಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ, ಹೆದರಬೇಡ ಎನ್ನುವ ಹಾಗೆ. ಅವಳು ಹೆದರಿದ್ದಳು. ಸಂಜೆ ಹಿಂದಿರುಗಿ ಹೋಗುವ ಮನೆ ಕಣ್ಣ ಮುಂದೆ ಬಂತು, ಇಬ್ಬರೂ ಒಂದೇ ಒಲೆಯ ಅನ್ನ ಉಣ್ಣಬೇಕಾದ ಎಷ್ಟೋ ವರ್ಷಗಳೂ ಬಂದವು.

"ಬಡಿದಿತ್ತು" ಎಂದಳು. "ಭಾಳ ಸಲ ಬಡಿದಿತ್ತು. ನಮ್ಮ ಮನಿಯವರು ಎತ್ತಲಿಲ್ಲ. ಗಾಡಿ ಕೇಳಾಕ ಮಾಡಾಕತ್ತೀರಿ ಅಂತ ತಿಳಕೊಂಡ್ರು. ಉಸ್ಮಾನಣ್ಣ ಮುಂಜಾನೆ ಗಾಡಿ ತೆಗೆದು ನಿಂತಿದ್ದ, ಇವತ್ತ ಕೊಡೂದು ಬ್ಯಾಡ ಅಂತ ಇವರಽ ಅಡ್ಡ ಬಂದ್ರು. ನಾ ಅಲ್ಲೇ ಇದ್ದೆ. ಸುಮ್ಮನಿದ್ದೆ. ಹೊಗೀನೂ ನಾ ನೋಡೀನಿ. ಕೂಳಿ ಹೊಗಿ ಅಲ್ಲ ಅದು ಅಂತ ನನಗ ಅನಿಸಿತ್ತು. ಅನಿಸಿದ್ರೂ ನಾ ಹೋಳಿಗಿ ನೀಡಿದೆ."

ಎದ್ದು ನಿಂತಿದ್ದ ನಾಲ್ವರಿಗೆ ಈಗ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಅಮರಗುಂಡಪ್ಪ ಹೆಂಡತಿಯನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು, ಮನೆಯ ಗೋಡೆಯೊಂದು ಮಾತಾಡಿದ್ದನ್ನು ಕೇಳಿದವನ ಹಾಗೆ. ಅವನು ನಿಂತಲ್ಲೇ ಕೂತ. ಹೆಸರು ಬರೆದುಕೊಳ್ಳಿ, ಅಮರಗುಂಡಪ್ಪನದೂ ಶೇಖರಮ್ಮನದೂ ಎರಡೂ ಹೆಸರು ಠಾಣೆಗೆ ಕೊಡಿ ಎಂದು ಗಡಿಹಾಳದ ಹಿರಿಯರೊಬ್ಬರು ಮೆತ್ತಗೆ ಹೇಳಿದರು. ಹೌದು, ಬರೆದುಕೊಳ್ಳಿ ಎಂದು ಶೇಖರಮ್ಮನೂ ಹೇಳಿದಳು.

ಆಗ ಪೌಳಿಯ ಹತ್ತಿರ ಮುದುಕಮ್ಮ ಗೋಡೆ ಹಿಡಿದು ಎದ್ದಳು. ಹೆಂಗಸರು ಹಿಡಿಯಲು ಹೋದರೆ ಕೈ ಕೊಸರಿಕೊಂಡಳು. ಅವಳು ಶೇಖರಮ್ಮನ ಕಡೆ ನಡೆದು ಬಂದಾಗ ಹೊಡೆಯುತ್ತಾಳೆಂದೇ ಎಲ್ಲರೂ ತಿಳಿದರು. ಶೇಖರಮ್ಮನೂ ಹಾಗೇ ತಿಳಿದು, ಸೆರಗು ಸರಿಸದೆ, ಮುಖ ತಿರುಗಿಸದೆ ನಿಂತಳು. ಹೊಡೆದರೆ ಒಳ್ಳೆಯದೆಂದು ಅವಳಿಗೆ ಅನ್ನಿಸಿತ್ತು.

ಮುದುಕಮ್ಮ ಅವಳ ಎದುರಿಗೆ ಬಂದು ನಿಂತಳು. ದನಿ ಬಹಳ ಸಣ್ಣದಾಗಿತ್ತು.

"ನಾನೂ ಹೇಳತೀನಿ ಯವ್ವಾ" ಎಂದಳು. "ಚರಗ ಚೆಲ್ಲಾಕ ಹೋಗೂ ಮುಂದ ನಾ ಒಳಕೋಣಿ ಬಾಗಲಕ್ಕ ಹೊರಗಿಂದ ಚಿಲಕ ಹಾಕಿ ಹೋಗಿದ್ದೆ. ಹಸಿ ಕೂಸು ಐತಿ, ನಾಯಿ ಬೆಕ್ಕು ಒಳಗ ಹೋದಾವು ಅಂತ ಹಾಕಿದ್ದೆ. ಆಕಿ ಒದರ್ಯಾಳ. ಬಾಗಲಾ ಬಡದಾಳ."

ಶಿವಕಾಂತ ತಲೆ ಎತ್ತಿ ತಾಯಿಯನ್ನು ನೋಡಿದ. ಜಯಶ್ರೀ ಕಣ್ಣು ಮುಚ್ಚಿಕೊಂಡಳು. ಕಿಟಕಿಯಲ್ಲಿ ಕೂಸನ್ನು ಕೊಡುವಾಗ ಅಶ್ವಿನಿ ಅವಳಿಗೆ ಅದನ್ನು ಹೇಳಿದ್ದಳು, ಅವಳು ಯಾರಿಗೂ ಹೇಳಿರಲಿಲ್ಲ. ಅಮರಗುಂಡಪ್ಪನಿಗೂ ಗೊತ್ತಿತ್ತು. ಕೆಂಡದಂತಿದ್ದ ಆ ಕಬ್ಬಿಣದ ಚಿಲಕವನ್ನು ಬರಿಗೈಲಿ ತೆಗೆದವನು ಅವನೇ, ಅಂಗೈ ಸುಟ್ಟದ್ದು ಅದರಿಂದಲೇ. ಅದನ್ನು ಹೇಳಿದ್ದರೆ ಅವನ ಮೇಲಿನ ಭಾರ ಅರ್ಧ ಇಳಿಯುತ್ತಿತ್ತು. ಮುದುಕಿಯ ಮೇಲೆ ಹೊರಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಉಸ್ಮಾನ್‌ಸಾಬನ ಮೇಲೆ ಹೊರಿಸಲು ಬಂದಿತ್ತು.

ಬಿಸಿಲಲ್ಲಿ ನಿಂತಿದ್ದ ಉಸ್ಮಾನ್‌ಸಾಬ್ ನೆರಳಿಗೆ ಬರಲಿಲ್ಲ, ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಶೇಖರಮ್ಮ ಮುದುಕಮ್ಮನ ತೋಳು ಹಿಡಿದು ನೆಲಕ್ಕೆ ಕೂಡಿಸಿ ತಾನೂ ಪಕ್ಕದಲ್ಲಿ ಕೂತಳು. ಕೂಸು ಎಚ್ಚರಾಗಿ ಅಳತೊಡಗಿತು, ಜಯಶ್ರೀ ಅದನ್ನು ತಟ್ಟುತ್ತಾ ಗುಡಿಯ ಹಿಂದಕ್ಕೆ ನಡೆದಳು.

ಮುದುಕಮ್ಮ ಎದುರಿನ ನೆಲ ನೋಡುತ್ತಿದ್ದಳು. ಮಡಿಲಲ್ಲಿದ್ದ ಅವಳ ಬಲಗೈಯ ಬೆರಳುಗಳು ಕಾಣದ ಏನನ್ನೋ ಹಿಡಿದು ಮೆಲ್ಲಗೆ ಒಂದು ಬದಿಗೆ ಸರಿಸುತ್ತಿದ್ದವು. ಸರಿಸಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಅದೇ ಬದಿಗೆ ಸರಿಸುತ್ತಿದ್ದವು.